ರಾತ್ರಿಗೂ ಒಂದು ಲೆಕ್ಕ: ಮನೆಯಲ್ಲೇ ಉಳಿದು ಮಗು ನೋಡಿಕೊಳ್ಳುವವರ ಸಂಬಳ ಗೊತ್ತುಮಾಡುವುದು ಹೇಗೆ

"24 ಗಂಟೆ ಆಯಾಗೆ ಈಗ ಎಷ್ಟು ನಡೀತಿದೆ?" ಎಂದು ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದಾಗ ಮಗಳಿಗೆ ನಾಲ್ಕು ತಿಂಗಳು. 26 ವಾರದ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಹತ್ತು ನಿಮಿಷದಲ್ಲಿ ಒಂಬತ್ತು ಉತ್ತರ ಬಂತು. 18,000ದಿಂದ 40,000ದವರೆಗೆ, ಒಂದಕ್ಕೊಂದು ತಾಳೆಯೇ ಇಲ್ಲ. ಕೊನೆಗೆ ಏಜೆನ್ಸಿಯವರು ಹೇಳಿದ 22,000ಕ್ಕೆ ತಲೆಯಾಡಿಸಿ ಒಬ್ಬರನ್ನು ಇಟ್ಟುಕೊಂಡೆವು. ಹತ್ತೊಂಬತ್ತನೇ ದಿನ ಬೆಳಿಗ್ಗೆ ಅವರು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಜಗಳವಿಲ್ಲ, ದೂರಿಲ್ಲ. "ನಿದ್ದೆ ಇಲ್ಲ ಮೇಡಂ, ಆಗಲ್ಲ" ಅಂದರು, ಅಷ್ಟೆ.

ಆಮೇಲೆ ಬಂದವರು ರಾಯಚೂರು ಕಡೆಯವರು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಅವರನ್ನು ನಾವು ಅಕ್ಕ ಎಂದೇ ಕರೆಯುವುದು. ಸೋಫಾದ ತುದಿಯಲ್ಲಿ ಕೂತು ಮೊದಲು ಕೇಳಿದ್ದು ಸಂಬಳವನ್ನಲ್ಲ. "ರೊಕ್ಕದ ಮಾತು ಆಮ್ಯಾಲ ಆಡೋಣ್ರಿ ಮೇಡಂ. ಕೂಸು ರಾತ್ರಿ ಎಷ್ಟು ಸಲ ಏಳ್ತದ್ರಿ?"

ನಾನು "ಮೂರೋ ನಾಲ್ಕೋ" ಎಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳು ಎದ್ದವಳು ನಾನೇ, ಆದರೆ ಎಣಿಸಿರಲಿಲ್ಲ. ಈ ಲೇಖನದಲ್ಲಿರುವ ಲೆಕ್ಕವೆಲ್ಲ ಅಕ್ಕ ಕೇಳಿದ ಆ ಒಂದು ಪ್ರಶ್ನೆಯಿಂದ ಹುಟ್ಟಿದ್ದು.

ಮೊದಲು ಕೆಲಸ ಯಾವುದೆಂದು ಗೊತ್ತುಮಾಡಿಕೊಳ್ಳಿ

ಗುಂಪಿನಲ್ಲಿ ಬಂದ ಅಂಕಿಗಳು ತಾಳೆಯಾಗದಿರಲು ಕಾರಣ ಸುಲಭ: ಒಬ್ಬೊಬ್ಬರು ಒಂದೊಂದು ಕೆಲಸದ ಬೆಲೆ ಹೇಳಿದ್ದರು. 40,000 ಎಂದವರು ಬಾಣಂತನಕ್ಕೆ ಕೊಟ್ಟಿದ್ದು. ಎಣ್ಣೆ ನೀರು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎರೆಯುವುದು, ಬಾಣಂತಿಗೆ ಮೆಣಸಿನ ಸಾರು, ಧೂಪ ಇವೆಲ್ಲ ಸೇರಿ ಅದೊಂದು ಪಳಗಿದ ಕೈಯ ಕೆಲಸ. ಒಂದೆರಡು ತಿಂಗಳಿಗೆ ಮುಗಿಯುತ್ತದೆ, ಆದ್ದರಿಂದ ದರವೂ ಹೆಚ್ಚು. 18,000 ಎಂದವರ ಮನೆಯ ಮಗುವಿಗೆ ಮೂರು ವರ್ಷ, ರಾತ್ರಿಯಿಡೀ ಮಲಗುತ್ತದೆ. ಇನ್ನೊಬ್ಬರ ಮನೆಗೆ ಬರುವವರು ರಾತ್ರಿ ಒಂಬತ್ತಕ್ಕೆ ಬಂದು ಬೆಳಿಗ್ಗೆ ಆರಕ್ಕೆ ಹೋಗುತ್ತಾರೆ. ಹಗಲು ಅವರದೇ. ಇದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ "ರೇಟು" ಎಂದರೆ ಏನು ಅರ್ಥ?

ನಿಮಗೆ ಬೇಕಿರುವುದು ಯಾವುದೆಂದು ಒಂದು ಸಾಲಿನಲ್ಲಿ ಬರೆಯಲು ಬರಬೇಕು. ನಮ್ಮ ಸಾಲು ಹೀಗಿತ್ತು: ಐದು ತಿಂಗಳ ಒಂದೇ ಮಗು, ಹಗಲು ನಾವಿಬ್ಬರೂ ಕೆಲಸದಲ್ಲಿರುವಾಗ ಎಂಟು ಗಂಟೆ, ರಾತ್ರಿ ಹತ್ತರಿಂದ ಆರರವರೆಗೆ ಮಗುವಿನ ಕೋಣೆಯಲ್ಲಿ, ವಾರಕ್ಕೆ ಆರು ದಿನ. ಮಗುವಿನ ಬಟ್ಟೆ, ಬಾಟಲಿ, ಊಟ, ಸ್ನಾನ ಅವರದು. ದೊಡ್ಡವರ ಅಡುಗೆ, ಪಾತ್ರೆ, ನೆಲ ಒರೆಸುವುದು ಅವರದಲ್ಲ.

ಕೊನೆಯ ವಾಕ್ಯವನ್ನು ಬರೆಯದೆ ಬಿಡಬೇಡಿ. "ಮಗು ಮಲಗಿದಾಗ ಸುಮ್ಮನೆ ತಾನೇ ಇರ್ತಾರೆ, ಎರಡು ಚಪಾತಿ ಲಟ್ಟಿಸಲಿ" ಎಂಬ ಮಾತು ಎಲ್ಲರ ಮನೆಯಲ್ಲೂ ಎರಡನೇ ವಾರಕ್ಕೆ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಅದನ್ನು ಹೇಳಿದ್ದು ನಾನೇ. ರಾತ್ರಿ ನಾಲ್ಕು ಸಲ ಎದ್ದವರಿಗೆ ಹಗಲು ಮಗು ಮಲಗಿದ ಹೊತ್ತೇ ನಿದ್ದೆ. ಚಪಾತಿ ಬೇಕಿದ್ದರೆ ಅದಕ್ಕೆ ಬೇರೆ ಜನ, ಇಲ್ಲವೇ ಬೇರೆ ಹಣ.

ಏಳು ರಾತ್ರಿ ಬರೆದಿಡಿ

ಸಂಬಳದ ಮಾತಿಗೆ ಮುಂಚೆ ಮಾಡಬೇಕಾದ ಕೆಲಸ ಇದು. ನೂರು ಪುಟದ ಒಂದು ನೋಟ್‌ಬುಕ್, ದಾರ ಕಟ್ಟಿದ ಪೆನ್ನು, ತೊಟ್ಟಿಲ ಪಕ್ಕದ ಸ್ಟೂಲ್ ಮೇಲೆ. ಫೋನಿನ ಆ್ಯಪ್ ಬೇಡ. ಮಧ್ಯರಾತ್ರಿ ಪರದೆ ಬೆಳಗಿದರೆ ಮಗುವಿನ ಜೊತೆ ನಿಮ್ಮ ನಿದ್ದೆಯೂ ಹಾರಿಹೋಗುತ್ತದೆ. ಎದ್ದಾಗ ಒಂದು ಗಂಟೆ, ಮತ್ತೆ ತಲೆ ದಿಂಬಿಗೆ ಇಟ್ಟಾಗ ಇನ್ನೊಂದು ಗಂಟೆ. ಬರೆಯಬೇಕಾದದ್ದು ಇಷ್ಟೆ.

ನನ್ನ ನೋಟ್‌ಬುಕ್ಕಿನ ಎರಡನೇ ಪುಟ:

10:50 – 11:20 ಹಾಲು, ತೇಗು
1:15 – 1:50 ಹಾಲು, ಡೈಪರ್
3:25 – 4:15 ಹಾಲು ಕಕ್ಕಿದಳು, ಬಟ್ಟೆ, ಹಾಸಿಗೆ
5:20 – 5:45 ಸುಮ್ಮನೆ ಅಳು

ಕೂಡಿಸಿದರೆ 2 ಗಂಟೆ 20 ನಿಮಿಷ. ಏಳು ರಾತ್ರಿಯ ಸರಾಸರಿಯೂ ಹೆಚ್ಚುಕಡಿಮೆ ಇಷ್ಟೇ ಬಂತು. "ಎರಡು ಗಂಟೆ ತಾನೇ" ಎಂದು ಗಂಡ ಅಂದರು. ಹಾಗೆ ನೋಡಿದರೆ ಮೋಸ ಹೋಗುತ್ತೇವೆ. ನಡುವಿನ ಬಿಡುವುಗಳನ್ನು ನೋಡಿ: 11:20ರಿಂದ 1:15 ಒಂದು, 1:50ರಿಂದ 3:25 ಇನ್ನೊಂದು. ಆ ರಾತ್ರಿ ಒಂದೇ ಸಮ ಎರಡು ಗಂಟೆ ನಿದ್ದೆ ಒಮ್ಮೆಯೂ ಸಿಕ್ಕಿಲ್ಲ. ಮಗು ಮಲಗಿದ ಕ್ಷಣಕ್ಕೆ ನಮಗೂ ನಿದ್ದೆ ಹತ್ತುವುದಿಲ್ಲವಲ್ಲ. ಹತ್ತು ಹದಿನೈದು ನಿಮಿಷ ಹೊರಳಾಟವಿದ್ದೇ ಇರುತ್ತದೆ. ಹತ್ತರಿಂದ ಆರರವರೆಗಿನ ಎಂಟು ಗಂಟೆಯಲ್ಲಿ ನಿಜವಾದ ನಿದ್ದೆ ಐದು ಗಂಟೆಯೂ ಇಲ್ಲ.

ಮೊದಲ ಸಲ ಬಂದವರಿಗೆ ಇದರ ಮೇಲೆ ಹಗಲು ಹತ್ತು ಗಂಟೆ ಕೆಲಸ ಕೊಟ್ಟಿದ್ದೆವು. ಹತ್ತೊಂಬತ್ತು ದಿನ ಇದ್ದದ್ದೇ ಹೆಚ್ಚು.

ದಿನವನ್ನು ನಾಲ್ಕು ಪಾಲು ಮಾಡಿ

ಮನೆಯಲ್ಲೇ ಇರುವವರ 24 ಗಂಟೆಯೂ ದುಡಿಮೆ ಅಲ್ಲ, ಆದರೆ ದುಡಿಯದ ಹೊತ್ತೆಲ್ಲ ಬಿಡುವೂ ಅಲ್ಲ. ನಾಲ್ಕು ಪಾಲು ಮಾಡಿದರೆ ಗೊಂದಲ ಕರಗುತ್ತದೆ. ಹಗಲಿನ ಕೆಲಸ ಒಂದು. ರಾತ್ರಿ ಎದ್ದು ಮಾಡಿದ ಕೆಲಸ ಎರಡು. ಕಿವಿ ತೆರೆದಿಟ್ಟು ಮಲಗಿರುವ ಹೊತ್ತು ಮೂರು. ಪೂರ್ತಿ ಅವರದೇ ಆದ ಹೊತ್ತು ನಾಲ್ಕು.

ಎಡವುವುದು ಮೂರನೆಯದರಲ್ಲಿ. ಮಲಗಿರುವವರಿಗೆ ಯಾಕೆ ದುಡ್ಡು ಎಂದು ಅನಿಸುತ್ತದೆ. ಆದರೆ ಆ ಹೊತ್ತಿನಲ್ಲಿ ಅವರು ಬಾಗಿಲು ಹಾಕಿಕೊಂಡು ಮಲಗುವಂತಿಲ್ಲ, ಹೊರಗೆ ಹೋಗುವಂತಿಲ್ಲ, ತಲೆನೋವಿಗೆ ಗುಳಿಗೆ ನುಂಗಿ ಗಾಢವಾಗಿ ನಿದ್ರಿಸುವಂತಿಲ್ಲ. ಮನೆಗೆಲಸದವರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಒಪ್ಪಿದ 189ನೇ ಒಡಂಬಡಿಕೆ ಇದನ್ನು ಗುರುತಿಸಿದೆ: ಕರೆದಾಗ ಏಳಲು ಸಿದ್ಧರಾಗಿ, ತಮ್ಮ ಇಷ್ಟದಂತೆ ಕಳೆಯಲಾಗದ ಹೊತ್ತನ್ನೂ ಆಯಾ ದೇಶದ ಕಾನೂನು ಹೇಳುವಷ್ಟರ ಮಟ್ಟಿಗೆ ದುಡಿಮೆಯ ಹೊತ್ತೆಂದೇ ಎಣಿಸಬೇಕು; ವಾರಕ್ಕೊಮ್ಮೆ ಒಂದೇ ಸಮ 24 ಗಂಟೆ ಬಿಡುವು ಕೊಡಬೇಕು. ಭಾರತ ಇದಕ್ಕೆ ಅಧಿಕೃತವಾಗಿ ಸೇರಿಲ್ಲ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ನಾಲ್ಕನೆಯದನ್ನು ಗಡಿಯಾರದ ಮೇಲೆ ತೋರಿಸಲು ಬರಬೇಕು. "ಬೇಕಾದಾಗ ರೆಸ್ಟ್ ತಗೊಳ್ಳಿ" ಎಂದರೆ ಎಂದೂ ಇಲ್ಲ ಎಂದೇ ಅರ್ಥ. ನಮ್ಮಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತು ಮಗು ನನ್ನದು, ಅಕ್ಕ ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿ ಮಲಗುತ್ತಿದ್ದರು. ಮಧ್ಯಾಹ್ನ ಒಂದರಿಂದ ಮೂರು ಅತ್ತೆಯವರು ನೋಡಿಕೊಳ್ಳುತ್ತಿದ್ದರು. ಸಂಜೆ ಏಳರಿಂದ ಹತ್ತು ಮಗು ಅಪ್ಪನದು. ಆಗ ಅಕ್ಕ ಊಟ ಮುಗಿಸಿ ಬಾಲ್ಕನಿಯಲ್ಲಿ ಕೂತು ಊರಿನಲ್ಲಿರುವ ಮಗಳಿಗೆ ವಿಡಿಯೋ ಕಾಲ್ ಮಾಡುತ್ತಿದ್ದರು. ಆ ಮೂರು ಗಂಟೆ ನಾವು ಅವರನ್ನು ಹೆಸರು ಹಿಡಿದು ಕೂಗುವಂತಿರಲಿಲ್ಲ. ಮೊದಲ ವಾರ ಅದು ನಮಗೇ ಕಷ್ಟವಾಯಿತು.

ಈಗ ಹಣದ ಲೆಕ್ಕ

ಸಂಬಳ ಇಳಿಯಬಾರದ ನೆಲಮಟ್ಟ ಯಾವುದೆಂದು ಮೊದಲು ನೋಡಿ. ಮನೆಕೆಲಸಕ್ಕೂ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು. 2004ರಿಂದ ಇದು ಇಲ್ಲಿದೆ. ತುಟ್ಟಿಭತ್ಯೆ ಸೇರಿ ಆ ಮೊತ್ತ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಪರಿಷ್ಕರಣೆಯಾಗುತ್ತದೆ. ಕಾರ್ಮಿಕ ಇಲಾಖೆಯ ಜಾಲತಾಣದಲ್ಲಿ ಆ ವರ್ಷದ ಪಟ್ಟಿ ತೆಗೆದು ನಿಮ್ಮ ಊರು ಯಾವ ವಲಯಕ್ಕೆ ಸೇರುತ್ತದೆ ಎಂದು ನೋಡಿ. ಅದಕ್ಕಿಂತ ಕೆಳಗಿಳಿಯುವ ಮಾತೇ ಇಲ್ಲ. ಆದರೆ ಅದು ನೆಲ ಮಾತ್ರ. ಐದು ತಿಂಗಳ ಮಗುವನ್ನು ನಂಬಿ ಒಪ್ಪಿಸುವ ಕೆಲಸಕ್ಕೆ ನೆಲದ ದರ ಕೊಟ್ಟು, ಒಳ್ಳೆಯವರು ನಿಲ್ಲುತ್ತಿಲ್ಲ ಎಂದು ಹಲುಬಬಾರದು.

ಆಮೇಲೆ ನಿಮ್ಮ ಸುತ್ತಮುತ್ತ ಹಗಲು ಎಂಟು ಗಂಟೆ ಮಗು ನೋಡಿಕೊಂಡು ಸಂಜೆ ಮನೆಗೆ ಹೋಗುವವರಿಗೆ ಎಷ್ಟು ಕೊಡುತ್ತಾರೆ ಎಂದು ವಿಚಾರಿಸಿ. ಕೊಡುವವರನ್ನಲ್ಲ, ತೆಗೆದುಕೊಳ್ಳುವವರನ್ನು ಕೇಳಿ. ಸಂಜೆ ಪಾರ್ಕಿನಲ್ಲಿ ಪ್ರ್ಯಾಮ್ ತಳ್ಳಿಕೊಂಡು ಬರುವ ನಾಲ್ಕು ಜನರನ್ನು ಮಾತಾಡಿಸಿದರೆ ನಿಜವಾದ ಅಂಕಿ ಸಿಗುತ್ತದೆ. ನಮಗೆ ಸಿಕ್ಕಿದ್ದು ತಿಂಗಳಿಗೆ 18,000. ನಿಮ್ಮ ಬಡಾವಣೆಯಲ್ಲಿ ಬೇರೆ ಇರಬಹುದು, ಅಂಕಿ ಬದಲಿಸಿಕೊಳ್ಳಿ, ದಾರಿ ಇದೇ.

ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದರೆ 208 ಗಂಟೆ. 18,000ವನ್ನು 208ರಿಂದ ಭಾಗಿಸಿದರೆ ಗಂಟೆಗೆ ಸುಮಾರು 87 ರೂಪಾಯಿ. ಇದು ಹಗಲಿನ ದರ.

ರಾತ್ರಿ ಎದ್ದು ಮಾಡಿದ ಕೆಲಸ ಎಂಟು ಗಂಟೆ ಮೀರಿದ ದುಡಿಮೆ. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಎನ್ನುವುದು ಕೂಲಿ ಕಾನೂನಿನ ಅಳತೆ. ಹಾಗಾಗಿ ಗಂಟೆಗೆ 174. ದಿನಕ್ಕೆ 2 ಗಂಟೆ 20 ನಿಮಿಷಕ್ಕೆ 406 ರೂಪಾಯಿ, 26 ರಾತ್ರಿಗೆ 10,556.

ಕಿವಿ ತೆರೆದು ಮಲಗುವ ಹೊತ್ತು 5 ಗಂಟೆ 40 ನಿಮಿಷ. ಇದಕ್ಕೆ ನಾವು ಹಗಲಿನ ದರದ ಕಾಲು ಭಾಗ, ಗಂಟೆಗೆ 22 ರೂಪಾಯಿ ಹಿಡಿದೆವು. ಈ ಕಾಲು ಭಾಗ ಯಾವ ಕಾಯ್ದೆಯಲ್ಲೂ ಇಲ್ಲ, ಅಕ್ಕನಿಗೂ ನಮಗೂ ನಡುವೆ ಚೌಕಾಸಿಯಾಗಿ ನಿಂತದ್ದು. ನೀವು ಅರ್ಧ ಕೊಟ್ಟರೂ ತಪ್ಪಿಲ್ಲ, ಸೊನ್ನೆ ಮಾತ್ರ ನ್ಯಾಯವಲ್ಲ. ದಿನಕ್ಕೆ 125ರಂತೆ ತಿಂಗಳಿಗೆ 3,250.

ಮೂರನ್ನೂ ಕೂಡಿಸಿ: 18,000 + 10,556 + 3,250 = 31,806. ನಾವು 32,000 ಎಂದು ನಿಲ್ಲಿಸಿದೆವು. ಮೊದಲು ಕೊಟ್ಟ 22,000ಕ್ಕೂ ಇದಕ್ಕೂ ಇರುವ 10,000ದ ಅಂತರ ಎಲ್ಲಿಂದ ಬಂತು ನೋಡಿ. ಹೆಚ್ಚುಕಡಿಮೆ ಅಷ್ಟೂ ರಾತ್ರಿಯದೇ. ಅದನ್ನು ಮೊದಲನೆಯವರಿಂದ ನಾವು ಪುಕ್ಕಟೆ ಪಡೆದಿದ್ದೆವು.

ಇಷ್ಟು ಕೊಡಲು ಆಗದಿದ್ದರೆ? ಅನೇಕರಿಗೆ ಆಗುವುದಿಲ್ಲ, ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಆಗ ಇಳಿಸಬೇಕಾದದ್ದು ಕೆಲಸವನ್ನು. ವಾರಕ್ಕೆ ಮೂರು ರಾತ್ರಿ ನೀವೇ ಏಳಿ. ಅಥವಾ ಐದು ಗಂಟೆಯ ನಂತರದ ಅಳು ಅಪ್ಪನ ಪಾಲಿಗಿರಲಿ. ನಮ್ಮ ಲೆಕ್ಕದಲ್ಲಿ ವಾರಕ್ಕೆ ಮೂರು ರಾತ್ರಿ ಮನೆಯವರು ಎದ್ದರೆ ರಾತ್ರಿಯ ಹಣ ಅರ್ಧಕ್ಕೆ ಇಳಿಯುತ್ತದೆ. ಅವಳಿ ಮಕ್ಕಳಿದ್ದರೆ, ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ನೋಟ್‌ಬುಕ್ಕೇ ಬೇರೆ ಕಥೆ ಹೇಳುತ್ತದೆ. ಪಕ್ಕದವರ ಅಂಕಿ ಅಲ್ಲಿ ಕೆಲಸಕ್ಕೆ ಬಾರದು.

ಊಟ, ಹಾಸಿಗೆ, ಸೋಪಿನ ಖರ್ಚು ಹಿಡಿದು ಸಂಬಳ ಕಡಿಮೆ ಮಾಡಬಹುದೇ ಎಂದು ಗುಂಪಿನಲ್ಲಿ ಒಬ್ಬರು ಕೇಳಿದ್ದರು. ಬೇಡ. ಅವರು ನಿಮ್ಮ ಮನೆಯಲ್ಲಿ ಮಲಗುವುದು ನಿಮ್ಮ ಅನುಕೂಲಕ್ಕೆ. ಊರಿನಲ್ಲಿ ಅವರ ಮನೆಯ ಬಾಡಿಗೆ, ಮಕ್ಕಳ ಊಟ ಯಾವುದೂ ನಿಂತಿರುವುದಿಲ್ಲ.

ಅಮೆರಿಕದಲ್ಲಿ ಇರುವವರಿಗೆ ಎರಡು ಮಾತು

ನ್ಯೂಜೆರ್ಸಿಯಲ್ಲಿರುವ ಅತ್ತಿಗೆಗೆ ನಮ್ಮ ಪುಟದ ಫೋಟೋ ಕಳಿಸಿದಾಗ ಅವರು ಹೇಳಿದ್ದು: ಅಲ್ಲಿನ ಫೆಡರಲ್ ಕಾನೂನಿನಲ್ಲಿ ಮಲಗುವ ಹೊತ್ತನ್ನು ಸಂಬಳದ ಲೆಕ್ಕದಿಂದ ಬಿಡಲು ಮೊದಲೇ ಒಪ್ಪಂದ ಇರಬೇಕು, ಮಲಗಲು ಸರಿಯಾದ ಜಾಗ ಕೊಟ್ಟಿರಬೇಕು, ಮಧ್ಯೆ ಎಬ್ಬಿಸಿದ ಹೊತ್ತಿಗೆ ದುಡ್ಡು ಕೊಡಬೇಕು, ಕನಿಷ್ಠ ಐದು ಗಂಟೆ ನಿದ್ದೆ ಸಿಗದಿದ್ದರೆ ಇಡೀ ರಾತ್ರಿಯನ್ನು ದುಡಿಮೆ ಎಂದೇ ಎಣಿಸಬೇಕು. ನನ್ನ ಎರಡನೇ ಪುಟ ಅಲ್ಲಿ ಪೂರ್ತಿ ರಾತ್ರಿ ಪಾಳಿಯೇ ಆಗುತ್ತಿತ್ತು! ಕೆಲವು ರಾಜ್ಯಗಳ ನಿಯಮ ಇನ್ನೂ ಬಿಗಿ. ನ್ಯೂಯಾರ್ಕಿನಲ್ಲಿ ಮನೆಯಲ್ಲೇ ಉಳಿಯುವವರಿಗೆ ವಾರಕ್ಕೆ 44 ಗಂಟೆ ದಾಟಿದರೆ ಒಂದೂವರೆ ಪಟ್ಟು. ಕ್ಯಾಲಿಫೋರ್ನಿಯಾದಲ್ಲಿ ಮಗು ನೋಡಿಕೊಳ್ಳುವವರಿಗೆ ದಿನಕ್ಕೆ 9 ಅಥವಾ ವಾರಕ್ಕೆ 45 ಗಂಟೆ ದಾಟಿದರೆ ಅಷ್ಟೇ ಪಟ್ಟು. ಊರಿನಿಂದ ಗುರುತಿನವರನ್ನು ಪ್ರವಾಸಿ ವೀಸಾದಲ್ಲಿ ಕರೆಸಿ ಮಗು ನೋಡಿಕೊಳ್ಳಲು ಸಂಬಳಕ್ಕಿಟ್ಟುಕೊಳ್ಳುವ ಯೋಚನೆ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಆ ವೀಸಾದಲ್ಲಿ ದುಡಿಯುವಂತಿಲ್ಲ, ಸಿಕ್ಕಿಬಿದ್ದರೆ ಹೆಚ್ಚು ಕಳೆದುಕೊಳ್ಳುವವರು ಅವರೇ.

ಏಜೆನ್ಸಿ, ಅಡ್ವಾನ್ಸ್, ಬ್ಯಾಂಕು

ಏಜೆನ್ಸಿಯ ಮೂಲಕ ಬಂದರೆ ಒಂದನ್ನು ನೇರವಾಗಿ ಕೇಳಿ: ನಾನು ಕೊಡುವ ಹಣದಲ್ಲಿ ಅವರ ಕೈಗೆ ಸೇರುವುದೆಷ್ಟು? ನಾವು 22,000 ಕೊಡುತ್ತಿದ್ದಾಗ ಮೊದಲನೆಯವರಿಗೆ ಸಿಗುತ್ತಿದ್ದದ್ದು 17,000 ಎಂದು ಅವರು ಹೋಗುವ ದಿನ ಗೊತ್ತಾಯಿತು. ಕಮಿಷನ್ ಏನಿದ್ದರೂ ನೀವು ಬೇರೆಯಾಗಿ ಕೊಡಿ, ಸಂಬಳ ಅವರದೇ ಖಾತೆಗೆ ಹೋಗಲಿ. ಗಂಡನ ಖಾತೆಗೂ ಬೇಡ, ಅಣ್ಣನ ಫೋನ್‌ಪೇಗೂ ಬೇಡ. ಖಾತೆ ಇಲ್ಲದಿದ್ದರೆ ಒಂದು ಬೆಳಿಗ್ಗೆ ಬ್ಯಾಂಕಿಗೆ ಜೊತೆಗೆ ಹೋಗಿ ತೆರೆಸಿಕೊಡಿ. ಆ ಬೆಳಗೂ ಸಂಬಳದ ಹೊತ್ತೇ.

ಅಲ್ಲೇ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೂ ಸಹಿ ಹಾಕಿಸಿ. ವರ್ಷಕ್ಕೆ 20 ರೂಪಾಯಿ ಕಂತು, ಅಪಘಾತದಲ್ಲಿ ತೀರಿಕೊಂಡರೆ 2 ಲಕ್ಷ. ಅಸಂಘಟಿತ ಕಾರ್ಮಿಕರ ಸರ್ಕಾರಿ ಪಟ್ಟಿಯಾದ ಇ-ಶ್ರಮ್‌ನಲ್ಲಿ ನೋಂದಣಿ ಆಗಿರದಿದ್ದರೆ ಅದನ್ನೂ ಮಾಡಿಸಿ, ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರು ಮತ್ತು ಬ್ಯಾಂಕ್ ವಿವರ ಜೊತೆಗಿರಲಿ.

ಅಡ್ವಾನ್ಸ್ ಕೇಳುವುದು ಸಾಮಾನ್ಯ. ಕೊಡಿ, ಆದರೆ ಒಂದು ತಿಂಗಳ ಸಂಬಳ ಮೀರದಿರಲಿ. ತಿಂಗಳಿಗೆ ಎಷ್ಟು ಕಡಿತ ಎಂದು ಬರೆದಿರಲಿ, ಬಡ್ಡಿ ಬೇಡ. ಸಾಲ ತೀರುವವರೆಗೆ ಬಿಟ್ಟುಹೋಗುವಂತಿಲ್ಲ ಎಂದು ಹೇಳಿದರೆ ಅದಕ್ಕೆ ಜೀತ ಎಂದು ಹೆಸರು. 1976ರಲ್ಲೇ ಕಾನೂನಿನಿಂದ ತೆಗೆದುಹಾಕಿದ್ದು. ಆಧಾರ್‌ನ ಪ್ರತಿ ಇಟ್ಟುಕೊಳ್ಳಿ, ಮೂಲ ಕಾರ್ಡು ಬೀರುವಿನಲ್ಲಿ ಇಟ್ಟುಕೊಳ್ಳಬೇಡಿ. ಅದರಲ್ಲಿ ವಯಸ್ಸೂ ನೋಡಿ. 18 ತುಂಬದ ಹುಡುಗಿಯನ್ನು "ಮಗು ಜೊತೆ ಆಡಿಕೊಂಡಿರಲಿ" ಎಂದು ಕಳಿಸುವವರು ಈಗಲೂ ಇದ್ದಾರೆ. ಎಷ್ಟು ಕಡಿಮೆಗೆ ಬಂದರೂ ಬೇಡ ಎನ್ನಿ.

ರಜೆಯೂ ಸಂಬಳದ ಭಾಗ

ವಾರಕ್ಕೊಂದು ಪೂರ್ತಿ ದಿನ. "ಪೂರ್ತಿ" ಎಂದರೆ ಶನಿವಾರ ರಾತ್ರಿ ಏಳರಿಂದ ಭಾನುವಾರ ರಾತ್ರಿ ಏಳು. ಬೆಳಿಗ್ಗೆ ಮಗುವಿಗೆ ಸ್ನಾನ ಮಾಡಿಸಿ ಹೋಗಿ ಸಂಜೆ ಹಾಲಿಗೆ ಬರುವುದು ರಜೆ ಅಲ್ಲ. ಬೆಂಗಳೂರಿನಲ್ಲಿ ಅವರಿಗೆ ಹೋಗಲು ಮನೆಯೇ ಇಲ್ಲದಿದ್ದರೆ ನಿಮ್ಮ ಮನೆಯಲ್ಲೇ ಇದ್ದು ರಜೆ ಕಳೆಯುವ ಹಕ್ಕೂ ಅವರಿಗುಂಟು. ಆ ದಿನ ಮಗು ಅತ್ತರೆ ಅವರು ಎದ್ದು ಬಂದಾರು, ಆದರೆ ನೀವು ಮೊದಲು ಓಡಿರಬೇಕು.

ರಾಯಚೂರಿಗೆ ಹೋಗಿಬರಲು ಎರಡು ರಾತ್ರಿ ಪ್ರಯಾಣದಲ್ಲೇ ಹೋಗುತ್ತದೆ. ಅದಕ್ಕೆ ಮೂರು ತಿಂಗಳಿಗೊಮ್ಮೆ ಸಂಬಳ ಸಹಿತ ಐದು ದಿನ, ವರ್ಷಕ್ಕೆ ಎರಡು ಸಲದ ಬಸ್ ಟಿಕೆಟ್ ನಮ್ಮದು ಎಂದು ಮಾಡಿಕೊಂಡೆವು. ಹುಷಾರಿಲ್ಲದ ದಿನಕ್ಕೆ ಕಡಿತವಿಲ್ಲ. ಜ್ವರ ಬಂದವರು ಹಣ ಕಡಿತವಾಗುತ್ತದೆಂದು ಹೇಳದೆ ಮಗುವನ್ನು ಎತ್ತಿಕೊಂಡರೆ ನಷ್ಟ ಯಾರದು? ನಾವು ನಾಲ್ಕು ದಿನ ಊರಿಗೆ ಹೋದರೆ ಆಗಲೂ ಸಂಬಳ ಪೂರ್ತಿ, ಏಕೆಂದರೆ ಹೋಗಿದ್ದು ನಾವು.

ಒಂದು ಹಾಳೆ

ಇಷ್ಟನ್ನೂ ಅವರು ಓದುವ ಭಾಷೆಯಲ್ಲಿ ಒಂದು ಹಾಳೆಯ ಮೇಲೆ ಬರೆಯಿರಿ, ಓದಲು ಬರದಿದ್ದರೆ ಅವರ ಮನೆಯವರಿಗೆ ಫೋನಿನಲ್ಲಿ ಓದಿ ಹೇಳಿ. ನಮ್ಮ ಹಾಳೆಯಲ್ಲಿ ಇದ್ದದ್ದು: ಕೆಲಸ ಯಾವುದು, ಯಾವುದು ಅಲ್ಲ, ದುಡಿಮೆಯ ಮತ್ತು ಬಿಡುವಿನ ಗಂಟೆಗಳು, 32,000, ಪ್ರತಿ ತಿಂಗಳ 3ನೇ ತಾರೀಕು, ರಾತ್ರಿ ಏಳುವುದು ವಾರದ ಸರಾಸರಿಯಲ್ಲಿ ಮೂರು ಗಂಟೆ ದಾಟಿದರೆ ದಾಟಿದ ಗಂಟೆಗೆ 174, ರಜೆ, ಬಿಡುವುದಾದರೆ ಅವರು ಹದಿನೈದು ದಿನ, ನಾವು ಒಂದು ತಿಂಗಳು ಮುಂಚೆ ಹೇಳುವುದು. ನಮಗೆ ಹೆಚ್ಚು ದಿನ ಯಾಕೆಂದರೆ ಕೆಲಸ ಹೋದ ದಿನವೇ ಅವರ ಮಲಗುವ ಜಾಗವೂ ಹೋಗುತ್ತದೆ. ಮಗುವಿನ ಕೋಣೆಯಲ್ಲಿ ಕ್ಯಾಮೆರಾ ಇದ್ದರೆ ಅದನ್ನೂ ಹಾಳೆಯಲ್ಲೇ ಹೇಳಿ. ಅವರೂ ಅಲ್ಲೇ ಮಲಗುತ್ತಾರೆ. ಬಟ್ಟೆ ಬದಲಿಸಲು ಕ್ಯಾಮೆರಾ ಇಲ್ಲದ ಕೋಣೆ ಇರಬೇಕು.

ಹಾಳೆಯನ್ನು ಓದಿ ಹೇಳಿದಾಗ ಅಕ್ಕ ಒಂದೇ ತಿದ್ದುಪಡಿ ಕೇಳಿದರು. "ಮೂರಕ್ಕ ಬ್ಯಾಡ್ರಿ, ಒಂದನೇ ತಾರೀಕಿಗೆ ಹಾಕ್ರಿ. ಎರಡಕ್ಕ ಮಗಳ ಹಾಸ್ಟೆಲ್ ಫೀ ಕಟ್ಟಬೇಕು."

ಮಗು ಬೆಳೆದಂತೆ

ಆರು ತಿಂಗಳಿಗೆ ರಾಗಿ ಸರಿ ಶುರುವಾಯಿತು. ಎಂಟಕ್ಕೆ ರಾತ್ರಿಯ ಏಳುವಿಕೆ ಎರಡಕ್ಕೆ ಇಳಿಯಿತು. ಆಗ ಗಂಡ ಮತ್ತೆ ನೋಟ್‌ಬುಕ್ ತೆರೆದು, "ಹಾಗಾದರೆ ಈಗ ಕಡಿಮೆ ಮಾಡಬೇಕಲ್ಲ?" ಎಂದರು. ಲೆಕ್ಕದ ಪ್ರಕಾರ ಸರಿಯೇ. ಆದರೆ ಅದೇ ತಿಂಗಳು ಮಗಳು ಅಂಬೆಗಾಲಿಡಲು ಶುರು ಮಾಡಿದ್ದಳು. ಹಗಲು ಒಂದು ನಿಮಿಷ ಕಣ್ಣು ತೆಗೆಯುವಂತಿಲ್ಲ, ಬಾಯಿಗೆ ಹಾಕಿದ್ದನ್ನು ಬೆರಳಿಟ್ಟು ತೆಗೆಯಬೇಕು, ಹಗಲಿನ ನಿದ್ದೆಯೂ ಮೂರರಿಂದ ಎರಡಾಗಿತ್ತು. ರಾತ್ರಿಯಲ್ಲಿ ಉಳಿದ ಗಂಟೆ ಹಗಲಿಗೆ ಬಂದು ಕೂತಿತ್ತು. ಮೇಲಾಗಿ, ಮಗು ರಾತ್ರಿ ಮಲಗುವಂತೆ ರೂಢಿ ಮಾಡಿಸಿದ್ದೇ ಅಕ್ಕ. ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಸಂಬಳ ಇಳಿಸಿದರೆ ಮುಂದಿನ ಮಗುವನ್ನು ಯಾರು ಮಲಗಿಸುತ್ತಾರೆ?

ಹಾಗಾಗಿ ನಮ್ಮ ನಿಯಮ: ಒಪ್ಪಿದ ಮೊತ್ತ ಕೆಳಗಿಳಿಯುವುದಿಲ್ಲ. ಆರು ತಿಂಗಳಿಗೊಮ್ಮೆ ಕೂತು ಹಾಳೆ ತಿದ್ದುತ್ತೇವೆ, ಏಪ್ರಿಲ್‌ನಲ್ಲಿ ಕನಿಷ್ಠ ವೇತನ ಎಷ್ಟು ಶೇಕಡಾ ಏರಿತೋ ಕನಿಷ್ಠ ಅಷ್ಟು ಏರಿಸುತ್ತೇವೆ, ದೀಪಾವಳಿಗೆ ಒಂದು ತಿಂಗಳ ಸಂಬಳ ಬೋನಸ್. ರಾತ್ರಿಯ ಕೆಲಸ ಪೂರ್ತಿ ನಿಂತು, ಇನ್ನು ಹಗಲಿಗೆ ಮಾತ್ರ ಸಾಕು ಎಂದಾದರೆ ಒಂದು ತಿಂಗಳು ಮುಂಚೆ ಹೇಳಿ ಹೊಸ ಹಾಳೆ ಬರೆಯುತ್ತೇವೆ. ಬೇಡ ಎನ್ನಲು, ಬೇರೆ ಮನೆ ನೋಡಿಕೊಳ್ಳಲು ಅವರಿಗೆ ಆ ತಿಂಗಳು ಇರುತ್ತದೆ.

ನೋಟ್‌ಬುಕ್ ಈಗಲೂ ಸ್ಟೂಲ್ ಮೇಲಿದೆ, ಬರೆಯುವವರು ಅಕ್ಕ. ಮೊನ್ನೆಯ ಪುಟದಲ್ಲಿ ಒಂದೇ ಸಾಲು ಇತ್ತು: "4:10 ನೀರು ಕುಡದ್ಳು, ಮಕ್ಕೊಂಡ್ಳು."